ಟೋಲ್ ಕಟ್ಟಿ ಎತ್ತಿನಗಾಡಿ ಹತ್ತಿ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್, ಎತ್ತಿನಗಾಡಿ ಯಾವುದೂ ಹತ್ತುವಂತಿಲ್ಲ. ಒಳ್ಳೇದೇ ಆಯ್ತು ಬಿಡಿ. ನೂರರ ವೇಗದ ಕಾರಿಗೆ ಎತ್ತು ಅಡ್ಡ ಬಂದರೆ ಎತ್ತೂ ಉಳಿಯಲ್ಲ, ಕಾರಿನಲ್ಲಿದ್ದವರೂ ಉಳಿಯಲ್ಲ. ಆದರೆ ರಜಾ ದಿನ ಬೆಳಗ್ಗೆ ಟೋಲ್ ಕಟ್ಟಿ ಇದೇ ರಸ್ತೆಯಲ್ಲಿ ಅಷ್ಟೊಂದು ಜನ ಮಕ್ಕಳನ್ನು ತುಂಬಿಕೊಂಡು ಎಲ್ಲಿಗೆ ಹೊರಟಿರ್ತಾರೆ ಗೊತ್ತಾ? ಎತ್ತಿನಗಾಡಿ ಹತ್ತಿಸೋಕೆ.

ಹೌದು, ಟಿಕೆಟ್ ಇಟ್ಟು ಕೃತಕ ಹಳ್ಳಿ ತೋರಿಸ್ತಾರಲ್ಲ, ಅದೇ ‘ನಮ್ಮ ಹಳ್ಳಿ’ ಪ್ಯಾಕೇಜು. ನಾವು ಹೋದ ಹಳ್ಳಿಯಂತೂ ಬಹಳ ಚೆನ್ನಾಗಿತ್ತು. ಮನೆಗಳೆಲ್ಲ ಸಿಮೆಂಟು, ಮೇಲೆ ಮರದ ಬಣ್ಣ. ಜಗುಲಿ ಇದೆ, ಕೂರುವಂತಿಲ್ಲ. ಬಾವಿ ಇದೆ, ತಳಕ್ಕೆ ನೀಲಿ ಟೈಲ್ಸ್. ಸಾಲ ಇಲ್ಲ, ಜಾತಿ ಇಲ್ಲ, ಕರೆಂಟೂ ಹೋಗಲ್ಲ. ಇಂಥ ಹಳ್ಳಿ ಇದ್ದಿದ್ದರೆ ನಮ್ಮಪ್ಪ ಯಾಕೆ ಊರು ಬಿಟ್ಟು ಬರ್ತಿದ್ದರು?

ಸ್ವೀಡನ್‌ನವರು ಪಾಪ, ಬುದ್ಧಿ ಸಾಲದು. 1891ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ಕಾನ್ಸೆನ್ ಅಂತ ಬಯಲು ಮ್ಯೂಸಿಯಂ ತೆರೆದು, ದೇಶದ ಮೂಲೆ ಮೂಲೆಯಿಂದ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದರು. ನಮ್ಮ ಎಚ್.ಎಲ್. ನಾಗೇಗೌಡರೂ ಅದೇ ಥರದ ಮನುಷ್ಯ. ಹಳ್ಳಿ ಹಳ್ಳಿ ಸುತ್ತಿ, ಒನಕೆ ಒರಳಿನಿಂದ ಹಿಡಿದು ಸಿಕ್ಕಿದ್ದನ್ನೆಲ್ಲ ಕೂಡಿಹಾಕಿ 1994ರಲ್ಲಿ ರಾಮನಗರದ ಹತ್ತಿರ ಜಾನಪದ ಲೋಕ ಅನ್ನೋ ಮ್ಯೂಸಿಯಂ ಕಟ್ಟಿದರು. ಅದು ಹಳೇ ರಸ್ತೆಯಲ್ಲಿದೆ. ಬೈಪಾಸಿನಲ್ಲಿ ಹಾರಿಹೋಗುವವರ ಕಣ್ಣಿಗೆ ಬೀಳಲ್ಲ. ಬಿದ್ದರೂ ಅಲ್ಲಿ ರೇನ್ ಡ್ಯಾನ್ಸ್ ಇಲ್ವಲ್ಲ!

ನಮ್ಮ ಪ್ಯಾಕೇಜಿನಲ್ಲಿ ರಾಗಿಕಲ್ಲೂ ಇತ್ತು, ಅದರ ಮುಂದೆ ಕ್ಯೂ ಇತ್ತು. ಬಾಡಿಗೆ ಪೇಟ ಸುತ್ತಿಕೊಂಡ ಹುಡುಗನೊಬ್ಬ ನಮ್ಮಮ್ಮನ ಕೈ ಹಿಡಿದು, “ಗೂಟ ಹೀಗೆ ಹಿಡೀಬೇಕು ಅಜ್ಜಿ, ನಿಧಾನ” ಅಂತ ಹೇಳಿಕೊಟ್ಟ. ಅಮ್ಮ ಒಂದು ಸುತ್ತು ತಿರುಗಿಸಿ, “ಕಾಳೇ ಹಾಕಿಲ್ವಲ್ಲೋ, ಬರೀ ಕಲ್ಲನ್ನ ಕಲ್ಲಿಗೆ ಉಜ್ಜಿ ಏನು ಮಾಡ್ತೀಯ?” ಅಂದರು.

“ಹಿಟ್ಟು ಚೆಲ್ಲುತ್ತೆ ಅಜ್ಜಿ, ಕ್ಲೀನಿಂಗ್ ಕಷ್ಟ. ಒಂದು ಬೀಸೋ ಪದ ಹೇಳಿ, ರೀಲ್ಸ್ ಮಾಡ್ಕೋತೀವಿ.”

“ನಮ್ಮೂರಿಗೆ ಮಿಲ್ಲು ಬಂದ ದಿನ ಸಕ್ಕರೆ ಹಂಚಿದ್ವಿ ಕಣೋ” ಅಂತ ಅಮ್ಮ ಎದ್ದುಬಿಟ್ಟರು. ಪದ ಹೇಳಲಿಲ್ಲ.

ಗಾಡಿ ಸವಾರಿ ಅಂದರೆ ಪಾರ್ಕಿಂಗ್ ಸುತ್ತ ಒಂದು ರೌಂಡು. ಮಕ್ಕಳಿಗೆ ಖುಷಿಯೋ ಖುಷಿ. ಗಾಡಿ ಹೊಡೆಯುವವರು ಅಲ್ಲೇ ಪಕ್ಕದ ಊರಿನವರು. ಮಾತಿಗೆ ಎಳೆದೆ. “ಹೊಲ ರೋಡಿನ ಆ ಕಡೆ ಸಾ, ಮನೆ ಈ ಕಡೆ. ಮುಂಚೆ ದಾಟ್ಕಂಡು ಹೋಗ್ತಿದ್ವಿ. ಈಗ ಬೇಲಿ. ಅಂಡರ್‌ಪಾಸ್‌ವರೆಗೂ ಸುತ್ತಾಕ್ಬೇಕು. ಅದ್ಕೇ ಎತ್ತು ಇಲ್ಲಿ ಬಾಡಿಗೆಗೆ ಕಟ್ಟಿದೀನಿ.”

ಅಂಡರ್‌ಪಾಸ್ ಅಂದ ಕೂಡಲೇ ನೆನಪಾಯಿತು. 2023ರ ಮಾರ್ಚ್ 12ಕ್ಕೆ ಈ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ, ವಾರದೊಳಗೆ ಮಳೆ ಬಂದು ರಾಮನಗರದ ಹತ್ತಿರ ರಸ್ತೆಯ ಮೇಲೇ ನೀರು. ಕೆರೆ ಹೇಗಿರುತ್ತೆ ಅಂತ ಮಕ್ಕಳಿಗೆ ತೋರಿಸೋಕೆ ಅದಕ್ಕಿಂತ ಒಳ್ಳೆ ಏರ್ಪಾಡು ಬೇಕಾ? ಪ್ರತ್ಯೇಕ ಟಿಕೆಟ್ಟೂ ಇರಲಿಲ್ಲ.

ಹೊರಬರುವ ದಾರಿಯಲ್ಲಿ ಅಂಗಡಿ, ಅದನ್ನು ಹಾದೇ ಬರಬೇಕು. ಮಗಳು ಎತ್ತಿಕೊಂಡಿದ್ದು ಪ್ಲಾಸ್ಟಿಕ್ ಎತ್ತಿನಗಾಡಿ. ಸೆಲ್ ಹಾಕಿದರೆ ಎತ್ತಿನ ಕಣ್ಣು ಕೆಂಪಗೆ ಮಿನುಗುತ್ತೆ. ಚನ್ನಪಟ್ಟಣ ದೂರವೇನಿಲ್ಲ. ಆಲೆ ಮರ ಕಡೆದು, ಅರಗಿನ ಬಣ್ಣ ಹತ್ತಿಸಿ ಗೊಂಬೆ ಮಾಡುವ ಜನ ಅಲ್ಲಿ ಇನ್ನೂ ಇದ್ದಾರೆ. ಹೆದ್ದಾರಿ ಊರನ್ನು ಬಿಟ್ಟು ಹೋದ ಮೇಲೆ ಹಳೇ ರಸ್ತೆಯ ಗೊಂಬೆ ಅಂಗಡಿಗಳಿಗೆ ವ್ಯಾಪಾರ ಬಿದ್ದುಹೋಯ್ತು, ಮದ್ದೂರಿನ ವಡೆ ಹೋಟೆಲುಗಳಿಗೂ. ಪೇಪರಿನಲ್ಲಿ ಬಂತು, ಟೀವಿಯಲ್ಲಿ ಬಂತು, ಎಲ್ಲರೂ ಅಯ್ಯೋ ಅಂದರು. ಅಯ್ಯೋ ಅಂದರೆ ಅಂಗಡಿ ಬಾಡಿಗೆ ಕಟ್ಟೋಕಾಗುತ್ತಾ? ಬರೆದೂ ಬರೆದೂ ನನಗೂ ಸಾಕಾಗಿದೆ. ನಾಳೆ ಆ ಗೊಂಬೆ ಮಾಡುವವರಿಗೂ ಪೇಟ ಸುತ್ತಿ ಯಾವುದೋ ಸಿಮೆಂಟ್ ಗುಡಿಸಲಲ್ಲಿ ಕೂರಿಸ್ತಾರೆ, ಊಟ ಸೇರಿಸಿ ಟಿಕೆಟ್ ಇಡ್ತಾರೆ. ಟೋಲ್ ಕಟ್ಟಿಕೊಂಡು ನಾವೂ ಹೋಗ್ತೀವಿ.