ಸಿಇಟಿ ಸೀಟಿನ ತಯಾರಿ ಎಂಟನೇ ತರಗತಿಯಿಂದಲೇ ಶುರುವಾಗಬೇಕು

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಕೂಡಲೇ ಎಲ್ಲರ ಮನೆಯಲ್ಲೂ ಒಂದೇ ಮಾತು: ಯಾವ ಪಿಯು ಕಾಲೇಜು, ಎಲ್ಲಿ ಕೋಚಿಂಗ್? ಆದರೆ ಸಿಇಟಿಯಲ್ಲಿ (ವೃತ್ತಿ ಕೋರ್ಸುಗಳ ಸಾಮಾನ್ಯ ಪ್ರವೇಶ ಪರೀಕ್ಷೆ) ಮಕ್ಕಳ ಕೈತಪ್ಪುವ ಸೀಟುಗಳಲ್ಲಿ ಎಷ್ಟೋ ಸೀಟು ತಪ್ಪುವುದು ಅಂಕಕ್ಕಲ್ಲ, ಕಾಗದಪತ್ರಕ್ಕೆ. ಆ ಕೆಲಸ ಹೈಸ್ಕೂಲಿನಲ್ಲೇ ಮುಗಿಯಬೇಕು.

ಗ್ರಾಮೀಣ ಮೀಸಲಾತಿಯನ್ನೇ ತೆಗೆದುಕೊಳ್ಳಿ. ಶೇ. 15ರಷ್ಟು ಸೀಟು. ಷರತ್ತು ಏನೆಂದರೆ 1ರಿಂದ 10ರವರೆಗೆ ಹತ್ತೂ ವರ್ಷ ಕರ್ನಾಟಕದ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕು. ಏಳನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ ಮಗುವನ್ನು "ಒಳ್ಳೇ ಹೈಸ್ಕೂಲು" ಅಂತ ತಾಲ್ಲೂಕು ಕೇಂದ್ರಕ್ಕೆ ಸೇರಿಸಿದರೆ ಈ ಕೋಟಾ ಹೋಯಿತು. ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆಯೂ ಗ್ರಾಮೀಣದ ಲೆಕ್ಕಕ್ಕೆ ಬರುವುದಿಲ್ಲ. ಊರು ನೋಡಲು ಹಳ್ಳಿಯಂತೆಯೇ ಇರುತ್ತದಾದ್ದರಿಂದ ಬಹಳ ಜನ ಇಲ್ಲೇ ಎಡವುತ್ತಾರೆ. ಕನ್ನಡ ಮಾಧ್ಯಮದ ಶೇ. 5ಕ್ಕೂ ಅದೇ ನಿಯಮ: ಎಂಟನೇ ತರಗತಿಗೆ ಇಂಗ್ಲಿಷ್ ಮೀಡಿಯಂಗೆ ಹೋದರೆ ಹಿಂದಿನ ಏಳು ವರ್ಷ ಲೆಕ್ಕಕ್ಕಿಲ್ಲ. ಶಾಲೆ ಬದಲಿಸಲೇಬೇಡಿ ಎನ್ನುತ್ತಿಲ್ಲ. ಏನು ಬಿಟ್ಟುಕೊಡುತ್ತಿದ್ದೇವೆ ಎಂದು ಗೊತ್ತಿದ್ದೇ ಬದಲಿಸಿ.

ಈ ಎರಡಕ್ಕೂ ವ್ಯಾಸಂಗ ಪ್ರಮಾಣ ಪತ್ರ ಬೇಕು. ಓದಿದ ಪ್ರತಿ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ. ಮಗು ಮೂರು ಶಾಲೆ ಬದಲಿಸಿದ್ದರೆ ಮೂರೂ ಕಡೆ ಓಡಾಟ. ಅದರಲ್ಲೊಂದು ಶಾಲೆ ಮುಚ್ಚಿಹೋಗಿದ್ದರೆ ದಾಖಲೆ ಎಲ್ಲಿದೆ ಎಂದು ಬಿಇಒ ಕಚೇರಿಯಲ್ಲಿ ಹುಡುಕಿಸಬೇಕು. ಸಿಇಟಿ ಅರ್ಜಿಯ ಕೊನೇ ವಾರದಲ್ಲಿ ಇದು ಆಗುವ ಮಾತಲ್ಲ. ಒಂಬತ್ತನೇ ತರಗತಿಯ ಬೇಸಿಗೆ ರಜೆ ಬರುವುದರೊಳಗೆ ಹಳೇ ಶಾಲೆಗಳ ಕೆಲಸ ಮುಗಿಸಿ. ಹತ್ತನೆಯದು ಆಮೇಲೆ ಸೇರಿಸಿದರಾಯಿತು. ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಮಗುವಿನ ಹೆಸರು, ಮಾಧ್ಯಮ, ಶಾಲೆಯ ವಿವರ ಸರಿಯಿದೆಯೇ ಎಂದು ಆಗಲೇ ಕೇಳಿ ನೋಡಿ.

ಇನ್ನು ಹೆಸರು. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಶಾಲೆಯಲ್ಲಿ ಹಿಂದೆ, ಜಾತಿ ಪ್ರಮಾಣ ಪತ್ರದಲ್ಲಿ ಇನಿಷಿಯಲ್ಲೇ ಇಲ್ಲ. ಇದು ಮನೆಮನೆಯ ಕಥೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೆಸರು ನೋಂದಾಯಿಸುವ ಮೊದಲು ಶಾಲೆಯಲ್ಲೇ ತಿದ್ದಿಸಿಕೊಳ್ಳಿ. ಅಂಕಪಟ್ಟಿ ಅಚ್ಚಾದ ಮೇಲೆ ಮಂಡಳಿಗೆ ಅಲೆಯಬೇಕಾಗುತ್ತದೆ.

ನಾಡಕಚೇರಿಯ ಜಾತಿ-ಆದಾಯ ಪ್ರಮಾಣ ಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನೇ (ಆ ಪತ್ರದ ಗುರುತಿನ ಸಂಖ್ಯೆ) ಸಿಇಟಿ ಅರ್ಜಿಯಲ್ಲಿ ನಮೂದಿಸುವುದು. ಅದು ವಿದ್ಯಾರ್ಥಿಯ ಹೆಸರಲ್ಲಿರಬೇಕು, ಅಪ್ಪನ ಹೆಸರಲ್ಲಲ್ಲ. ಹಿಂದುಳಿದ ವರ್ಗದ 2ಎ, 2ಬಿ, 3ಎ, 3ಬಿ ಪ್ರವರ್ಗದವರ ಪತ್ರಕ್ಕೆ ಐದು ವರ್ಷದ ಅವಧಿ ಇದೆ, ದಿನಾಂಕ ನೋಡಿಕೊಳ್ಳಿ. ನೀಟ್, ಜೆಇಇ ಬರೆಯುವ ಹಿಂದುಳಿದ ವರ್ಗದ ಮಕ್ಕಳಿಗೆ ಕೇಂದ್ರದ ನಮೂನೆಯ ಒಬಿಸಿ ಪತ್ರ ಬೇರೆಯೇ ಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇರುವುದಿಲ್ಲ.

ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಯವರು ಆ ಭಾಗಕ್ಕೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯ ಅರ್ಹತಾ ಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಪಡೆಯಬೇಕು. ಆ ಭಾಗದ ಕಾಲೇಜುಗಳಲ್ಲಿ ಶೇ. 70, ಉಳಿದೆಡೆ ಶೇ. 8 ಸೀಟು ಇದರ ಮೇಲೆ ನಿಂತಿದೆ. ದಯವಿಟ್ಟು ಇದನ್ನು ಮಾತ್ರ ತಡಮಾಡಬೇಡಿ.

ಪಿಯು ಕಾಂಬಿನೇಷನ್ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಮಗುವಿಗೆ ಇನ್ನೂ ತೀರ್ಮಾನ ಇಲ್ಲದಿದ್ದರೆ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ). ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿ ತೆಗೆದುಕೊಂಡು ಆರು ತಿಂಗಳಿಗೆ ಪಶುವೈದ್ಯಕೀಯದ ಆಸೆ ಹುಟ್ಟಿದರೆ ಜೀವಶಾಸ್ತ್ರ ಎಲ್ಲಿಂದ ತರುವುದು?

ಕೊನೆಗೆ ಕೋಚಿಂಗ್. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಎಂಜಿನಿಯರಿಂಗ್ ರ್‍ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಯು ಅಂಕ ಅರ್ಧ, ಸಿಇಟಿ ಅರ್ಧ. ಅಂದರೆ ಪಿಯುನ 300ರಲ್ಲಿ 15 ಅಂಕ ಹೆಚ್ಚು ತೆಗೆದರೆ ಸಿಇಟಿಯ 180ರಲ್ಲಿ 9 ಅಂಕ ಹೆಚ್ಚು ತೆಗೆದಷ್ಟೇ ಫಲ. ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸಿ ಬರೀ ಎಂಸಿಕ್ಯೂ (ಬಹು ಆಯ್ಕೆ ಪ್ರಶ್ನೆ) ಬಿಡಿಸುವ ಕಾಲೇಜಿಗೆ ಲಕ್ಷ ಸುರಿಯುವ ಮೊದಲು ಈ ಲೆಕ್ಕವನ್ನು ಮಗುವಿನ ಜೊತೆ ಕೂತು ಒಮ್ಮೆ ಮಾಡಿ.