ಪರ್ಲ್ ಜ್ಯಾಮ್ ಒಂದು ಕ್ಯಾಸೆಟ್‌ನಿಂದ ಹುಟ್ಟಿದ್ದಲ್ಲ

ಈಗಷ್ಟೇ ಯಾರೋ ಹಂಚಿದ ಒಂದು ರೀಲ್ ನೋಡಿದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯಲು ಕೂತೆ. ಪರ್ಲ್ ಜ್ಯಾಮ್ ಅನ್ನುವ ಅಮೆರಿಕದ ರಾಕ್ ಬ್ಯಾಂಡಿನ ಚರಿತ್ರೆಯನ್ನು ಒಂದೂವರೆ ನಿಮಿಷದಲ್ಲಿ ಹೇಳಿ ಮುಗಿಸಿದ್ದಾರೆ. ಸ್ಯಾನ್ ಡಿಯೇಗೊದ ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ ಹಾಡುಗಾರ ಎಡ್ಡಿ ವೆಡರ್ ಕೈಗೆ ಒಂದು ಕ್ಯಾಸೆಟ್ ಸಿಕ್ಕಿತು, ಆತ ಸಮುದ್ರದಲ್ಲಿ ಸರ್ಫಿಂಗ್ ಮಾಡಿ ಬಂದು ಹಾಡು ಬರೆದ, ಸಿಯಾಟಲ್‌ಗೆ ಹೋಗಿ ಬ್ಯಾಂಡ್ ಕಟ್ಟಿದ, ಜಗತ್ಪ್ರಸಿದ್ಧನಾದ. ಅಷ್ಟೇ ಕಥೆ.

ಆ ಕ್ಯಾಸೆಟ್ ಮಾಡಿದವರು ಯಾರು? ಅದರಲ್ಲಿ ಹಾಡುವವನ ದನಿ ಯಾಕೆ ಇರಲಿಲ್ಲ? ಇದರ ಬಗ್ಗೆ ಒಂದೇ ಒಂದು ಮಾತಿಲ್ಲ.

ದನಿ ಇರಲಿಲ್ಲ, ಯಾಕೆಂದರೆ ಹಾಡುತ್ತಿದ್ದವನು ಸತ್ತುಹೋಗಿದ್ದ. ಅವನ ಹೆಸರು ಆಂಡ್ರ್ಯೂ ವುಡ್. ಬ್ಯಾಂಡಿನ ಹೆಸರು ಮದರ್ ಲವ್ ಬೋನ್. 1990ರ ಮಾರ್ಚ್ 19ರಂದು, ಅವರ ಮೊದಲ ಪೂರ್ಣ ಆಲ್ಬಂ 'ಆ್ಯಪಲ್' ಇನ್ನೇನು ಹೊರಬರಬೇಕು ಅನ್ನುವಾಗ, ಹೆರಾಯಿನ್ ಮಿತಿಮೀರಿ ತೀರಿಕೊಂಡ. ವಯಸ್ಸು 24. ಆಲ್ಬಂ ಜುಲೈನಲ್ಲಿ ಬಿಡುಗಡೆಯಾಯಿತು, ಆ ಹೊತ್ತಿಗೆ ಬ್ಯಾಂಡೇ ಇರಲಿಲ್ಲ.

ನಾನು ಬೇಸ್ ಗಿಟಾರ್ ಹಿಡಿಯುವವನು ಅಂತ ಇಲ್ಲಿರುವ ಬಹುತೇಕರಿಗೆ ಗೊತ್ತು. ಅದಕ್ಕೇ ಪರ್ಲ್ ಜ್ಯಾಮ್‌ನ ಬೇಸ್ ವಾದಕ ಜೆಫ್ ಅಮೆಂಟ್ ವಿಷಯ ಬಂದರೆ ನಾನು ಸುಮ್ಮನಿರಲಾರೆ. ಅಮೆಂಟ್ ಮತ್ತು ಗಿಟಾರಿಸ್ಟ್ ಸ್ಟೋನ್ ಗೊಸಾರ್ಡ್, ಇವರಿಬ್ಬರ ಜೋಡಿ ವೆಡರ್ ಬರುವ ಎಷ್ಟೋ ವರ್ಷ ಮೊದಲೇ ಶುರುವಾಗಿತ್ತು. 1984ರಲ್ಲಿ ಗ್ರೀನ್ ರಿವರ್ ಅನ್ನುವ ಬ್ಯಾಂಡ್ ಹುಟ್ಟಿತು, ಅಮೆಂಟ್ ಅದರಲ್ಲಿದ್ದ, ಸ್ವಲ್ಪ ದಿನಕ್ಕೆ ಗೊಸಾರ್ಡ್ ಅದಕ್ಕೆ ಬಂದು ಸೇರಿದ. ಮುಂದೆ ಗ್ರಂಜ್ ಅಂತ ಪತ್ರಿಕೆಗಳು ಕರೆದ ಆ ಒರಟು, ಕೊಳಕು ಗಿಟಾರ್ ಸದ್ದನ್ನು ಮೊದಲು ಮೂಡಿಸಿದ ಕೆಲವೇ ಬ್ಯಾಂಡ್‌ಗಳಲ್ಲಿ ಅದೂ ಒಂದು. 1987ರ ಕೊನೆಗೆ ಅದು ಒಡೆಯಿತು. ಹಾಡುಗಾರ ಮಾರ್ಕ್ ಆರ್ಮ್‌ಗೆ ದೊಡ್ಡ ಕಂಪನಿಗಳ ಸಹವಾಸ ಬೇಡವಾಗಿತ್ತು, ಅಮೆಂಟ್‌ಗೆ ಬೇಕಾಗಿತ್ತು. ಆರ್ಮ್ ಹೋಗಿ ಮಡ್‌ಹನಿ ಅನ್ನುವ ಬ್ಯಾಂಡ್ ಕಟ್ಟಿದ. ಅಮೆಂಟ್, ಗೊಸಾರ್ಡ್, ಜೊತೆಗೆ ಅದೇ ಗ್ರೀನ್ ರಿವರ್‌ನ ಬ್ರೂಸ್ ಫೇರ್‌ವೆದರ್, ಈ ಮೂವರು ಹೋಗಿ ಆಂಡ್ರ್ಯೂ ವುಡ್ ಜೊತೆ ಸೇರಿದರು. ಡ್ರಮ್ಸ್‌ಗೆ ಗ್ರೆಗ್ ಗಿಲ್ಮೋರ್ ಬಂದ. ಅದೇ ಮದರ್ ಲವ್ ಬೋನ್.

ವುಡ್ ಅದಕ್ಕೆ ಮುಂಚೆ ಅಣ್ಣ ಕೆವಿನ್ ಜೊತೆ ಮಾಲ್‌ಫಂಕ್ಷನ್ ಅನ್ನುವ ಬ್ಯಾಂಡಿನಲ್ಲಿದ್ದ. ಮುಖಕ್ಕೆ ಬಣ್ಣ ಬಳಿದುಕೊಂಡು, ಮಿರುಗುವ ಬಟ್ಟೆ ತೊಟ್ಟು, ಸಣ್ಣ ಕ್ಲಬ್ಬಿನಲ್ಲೂ ಸ್ಟೇಡಿಯಂ ತುಂಬಿದೆಯೇನೋ ಅನ್ನುವ ಹಾಗೆ ಕೈಚಾಚಿ ಜನರನ್ನು ಮಾತಾಡಿಸುತ್ತಿದ್ದ. ಸಿಯಾಟಲ್‌ನ ಉಳಿದವರೆಲ್ಲ ತಲೆ ತಗ್ಗಿಸಿ, ಕೂದಲು ಮುಖದ ಮೇಲೆ ಬಿಟ್ಟುಕೊಂಡು ನುಡಿಸುತ್ತಿದ್ದ ಕಾಲ ಅದು. ಅವನಿಗೆ ಆ ಸಂಕೋಚವೇ ಇರಲಿಲ್ಲ.

ನಂಬಿಕೆ ಬರದಿದ್ದರೆ 1989ರ 'ಶೈನ್' ಇಪಿಯಲ್ಲಿ, ಅಂದರೆ ಕೆಲವೇ ಹಾಡುಗಳ ಸಣ್ಣ ಆಲ್ಬಂನಲ್ಲಿ, ಇರುವ 'ಕ್ಲೋಯಿ ಡ್ಯಾನ್ಸರ್/ಕ್ರೌನ್ ಆಫ್ ಥಾರ್ನ್ಸ್' ಕೇಳಿ. ಎಂಟು ನಿಮಿಷ ದಾಟುವ ಹಾಡು. ಮೊದಲು ಪಿಯಾನೊ, ಅದರ ಪಕ್ಕದಲ್ಲಿ ಅವನ ದನಿ, ಸುಸ್ತಾದವನು ಮಾತಾಡಿದ ಹಾಗೆ. ಎಷ್ಟೋ ಹೊತ್ತು ಅಷ್ಟೇ. ಆಮೇಲೆ ಗಿಟಾರ್‌ಗಳು ಅವಸರವಿಲ್ಲದೆ ಒಳಬರುತ್ತವೆ, ಕೆಳಗೆ ಅಮೆಂಟ್‌ನ ಬೇಸ್ ಇಡೀ ಹಾಡನ್ನು ಹೊತ್ತುಕೊಂಡು ನಡೆಯುತ್ತದೆ. ಇದನ್ನು ಕೇಳಿದ ಮೇಲೂ ಮದರ್ ಲವ್ ಬೋನ್ ಅಂದರೆ ಪರ್ಲ್ ಜ್ಯಾಮ್‌ಗೆ ಮುಂಚಿನ ಸಣ್ಣ ಪೀಠಿಕೆ ಅನ್ನುವವರ ಜೊತೆ ನನಗೆ ವಾದವೇ ಬೇಡ.

ವುಡ್ ಹೋದ ಮೇಲೆ ಗೊಸಾರ್ಡ್ ಮತ್ತು ಅಮೆಂಟ್ ಕೆಲವು ತಿಂಗಳು ತಮ್ಮ ತಮ್ಮ ದಾರಿ ಹಿಡಿದರು. ಗೊಸಾರ್ಡ್ ಬರೀ ಗಿಟಾರ್ ಹಿಡಿದು ಹೊಸ ಟ್ಯೂನ್‌ಗಳನ್ನು ಮಾಡುತ್ತಾ ಇದ್ದ. ಗಿಟಾರಿಸ್ಟ್ ಮೈಕ್ ಮೆಕ್‌ಕ್ರೆಡಿ ಜೊತೆ ಕೂತು ನುಡಿಸತೊಡಗಿದ. ಅಮೆಂಟ್‌ನನ್ನು ವಾಪಸ್ ಕರಿ ಅಂತ ಹಟ ಹಿಡಿದವನು ಈ ಮೆಕ್‌ಕ್ರೆಡಿಯೇ. ಈ ಮಾತು ಆ ರೀಲ್‌ನಲ್ಲಿ ಇರಬೇಕಿತ್ತು. ಗೆಳೆಯ ಸತ್ತು ಇನ್ನೂ ವರ್ಷ ತುಂಬಿಲ್ಲ, ದೊಡ್ಡ ಕನಸು ಕಣ್ಣೆದುರೇ ಮುರಿದುಬಿದ್ದಿದೆ, ಅಂಥಾ ಹೊತ್ತಲ್ಲಿ ಮತ್ತೆ ಅದೇ ಜೊತೆಗಾರನ ಪಕ್ಕ ನಿಂತು ಬೇಸ್‌ನ ತಂತಿ ಮೀಟುವುದು ಎಂಥಾ ಕಷ್ಟ ಅಂತ ನನಗೆ ಗೊತ್ತು. ನಮ್ಮ ಬ್ಯಾಂಡ್ ಹೇಗೆ ನಿಂತುಹೋಯಿತು ಅಂತ ಹಳೆಯ ಗೆಳೆಯರಿಗೆ ಗೊತ್ತೇ ಇದೆ. ಹಾಡುತ್ತಿದ್ದವನು ಹೋದ ಮೇಲೆ ನಮ್ಮಲ್ಲಿ ಯಾರಿಗೂ ಆ ಕೋಣೆಗೆ ಕಾಲಿಡಲು ಆಗಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗದು.

ಸರಿ, ಕ್ಯಾಸೆಟ್‌ಗೆ ಬರೋಣ. ಗೊಸಾರ್ಡ್, ಅಮೆಂಟ್, ಮೆಕ್‌ಕ್ರೆಡಿ ಐದು ಟ್ಯೂನ್ ಇರುವ ಡೆಮೊ ಮಾಡಿದರು. ಡ್ರಮ್ಸ್ ಬಾರಿಸಿಕೊಟ್ಟವನು ಸಿಯಾಟಲ್‌ನದೇ ಇನ್ನೊಂದು ಬ್ಯಾಂಡ್ ಸೌಂಡ್‌ಗಾರ್ಡನ್‌ನ ಮ್ಯಾಟ್ ಕ್ಯಾಮರಾನ್. ರೆಡ್ ಹಾಟ್ ಚಿಲಿ ಪೆಪರ್ಸ್‌ನಲ್ಲಿ ಹಿಂದೆ ಡ್ರಮ್ಸ್ ಬಾರಿಸಿದ್ದ ಜ್ಯಾಕ್ ಐರನ್ಸ್ ಮೂಲಕ ಅದು ವೆಡರ್‌ಗೆ ತಲುಪಿತು. ವೆಡರ್ ಮೂರು ಟ್ಯೂನ್‌ಗಳಿಗೆ ಮಾತು ಬರೆದು, ಹಾಡಿ ವಾಪಸ್ ಕಳಿಸಿದ. ಇದೆಲ್ಲ ನಿಜ. ಯಾರೂ ಇಲ್ಲ ಅಂದಿಲ್ಲ. ಆದರೆ ಆ ಮೂರರಲ್ಲಿ ಒಂದು 'ಅಲೈವ್' ಆಯಿತಲ್ಲ, ಅದರ ಟ್ಯೂನನ್ನು ಗೊಸಾರ್ಡ್ 'ಡಾಲರ್ ಶಾರ್ಟ್' ಅನ್ನುವ ಹೆಸರಲ್ಲಿ ಮಾಡಿದ್ದು ಮದರ್ ಲವ್ ಬೋನ್ ಇನ್ನೂ ಬದುಕಿದ್ದಾಗ! ಜಗತ್ತಿನ ಅದೆಷ್ಟೋ ಜನ ಕೈ ಎತ್ತಿ ಹಾಡುವ ಆ ಹಾಡಿನ ಮೊದಲ ರಿಫ್, ಮತ್ತೆ ಮತ್ತೆ ಬರುವ ಆ ಗಿಟಾರ್ ತುಣುಕು, ಹಳೇ ಮನೆಯದು. ಹೊಸಬ ಬಂದು ಅದಕ್ಕೆ ಮಾತು ಕೊಟ್ಟ, ತನ್ನ ಬದುಕಿನ ನೋವನ್ನೇ ಕೊಟ್ಟ. ಅಪ್ಪ ಅಂದುಕೊಂಡವನು ಅಪ್ಪನಲ್ಲ, ಹೆತ್ತಪ್ಪ ಸತ್ತುಹೋಗಿದ್ದಾನೆ ಅಂತ ಗೊತ್ತಾದ ಹುಡುಗನ ಕಥೆ ಅದು. ಒಬ್ಬನನ್ನು ಕಳೆದುಕೊಂಡವರ ಟ್ಯೂನಿಗೆ ಇನ್ನೊಬ್ಬನನ್ನು ಕಳೆದುಕೊಂಡವನ ಮಾತು ಬಂದು ಕೂತಿತು. ಹಾಡಿನ ಕೊನೆಗೆ ಮೆಕ್‌ಕ್ರೆಡಿ ಬಿಡದೆ ನುಡಿಸುವ ಆ ಸೋಲೊ ಇದೆಯಲ್ಲ, ಅದು ಶುರುವಾದಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಇದಾದ ಮೇಲೆ ಎಲ್ಲ ಬೇಗಬೇಗ ಆಯಿತು. ಅಕ್ಟೋಬರ್‌ನಲ್ಲಿ ವೆಡರ್ ಸಿಯಾಟಲ್‌ಗೆ ಬಂದ, 22ನೇ ತಾರೀಕು ಆಫ್ ರ‍್ಯಾಂಪ್ ಕೆಫೆಯಲ್ಲಿ ಮೊದಲ ಕಾರ್ಯಕ್ರಮ. ಬ್ಯಾಂಡಿಗೆ ಆಗ ಮೂಕಿ ಬ್ಲೇಲಾಕ್ ಅನ್ನುವ ಬಾಸ್ಕೆಟ್‌ಬಾಲ್ ಆಟಗಾರನ ಹೆಸರು. ಆಮೇಲೆ ಪರ್ಲ್ ಜ್ಯಾಮ್ ಆಯಿತು, ಆ ಆಟಗಾರನ ಜೆರ್ಸಿ ನಂಬರ್ ಮೊದಲ ಆಲ್ಬಂನ ಹೆಸರಾಯಿತು. 'ಟೆನ್' ಬಂದದ್ದು 1991ರ ಆಗಸ್ಟ್ 27ರಂದು.

ಆದರೆ 'ಟೆನ್'ಗೂ ಮೊದಲು, ಅದೇ ವರ್ಷದ ಏಪ್ರಿಲ್‌ನಲ್ಲಿ ಇನ್ನೊಂದು ಆಲ್ಬಂ ಬಂದಿತ್ತು. ಅದನ್ನು ಬಿಟ್ಟು ಪರ್ಲ್ ಜ್ಯಾಮ್ ಕಥೆ ಹೇಳುವವರನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಸೌಂಡ್‌ಗಾರ್ಡನ್‌ನ ಹಾಡುಗಾರ ಕ್ರಿಸ್ ಕಾರ್ನೆಲ್ ವುಡ್ ಜೊತೆ ಒಂದೇ ಮನೆಯಲ್ಲಿದ್ದವನು. ಗೆಳೆಯ ಸತ್ತ ದುಃಖದಲ್ಲಿ ಎರಡು ಹಾಡು ಬರೆದ. ಅವನ್ನು ಗೊಸಾರ್ಡ್, ಅಮೆಂಟ್ ಜೊತೆ ನುಡಿಸೋಣ ಅಂತ ಹೊರಟದ್ದು ಇಡೀ ಆಲ್ಬಂ ಆಯಿತು. ಹೆಸರು ಟೆಂಪಲ್ ಆಫ್ ದ ಡಾಗ್. ಆ ಹೆಸರೂ ವುಡ್ ಬರೆದ ಸಾಲಿನಿಂದಲೇ ಎತ್ತಿದ್ದು. ಅದರಲ್ಲಿನ 'ಹಂಗರ್ ಸ್ಟ್ರೈಕ್' ಹಾಡಿನ ಅಭ್ಯಾಸ ಮಾಡುವಾಗ ಕೆಳಸ್ವರದ ಭಾಗ ಕಾರ್ನೆಲ್‌ಗೆ ಒಗ್ಗುತ್ತಿರಲಿಲ್ಲ. ಮೂಲೆಯಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ವೆಡರ್ ಮೆಲ್ಲಗೆ ಮೈಕ್ ಹತ್ತಿರ ಬಂದು ಅದನ್ನು ಹಾಡಿಬಿಟ್ಟ. ಕಾರ್ನೆಲ್ ಆ ಭಾಗವನ್ನು ಅವನಿಗೇ ಕೊಟ್ಟ. ಅಂದರೆ ವೆಡರ್ ಸಿಯಾಟಲ್‌ನಲ್ಲಿ ಒಳಗಿನವನಾದದ್ದು ತಾನು ಎಂದೂ ಕಾಣದ ಒಬ್ಬನ ಶೋಕಗೀತೆಗಳ ನಡುವೆ. ಇದಕ್ಕಿಂತ ಮುಖ್ಯವಾದ ಸಂಗತಿ ಆ ಬ್ಯಾಂಡಿನ ಚರಿತ್ರೆಯಲ್ಲಿ ಇನ್ನೇನಿದೆ ಹೇಳಿ!

"ವೆಡರ್ ಇಲ್ಲದಿದ್ದರೆ ಪರ್ಲ್ ಜ್ಯಾಮ್ ಎಲ್ಲಿರುತ್ತಿತ್ತು ಗುರೂ?" ಅಂತ ಕೇಳುತ್ತೀರಿ. ಒಪ್ಪುತ್ತೇನೆ, ಆ ದನಿ ಇಲ್ಲದೆ ಆ ಬ್ಯಾಂಡ್ ಇಲ್ಲ. ಆದರೆ ಒಬ್ಬನನ್ನು ಮೆರೆಸಲು ಇನ್ನೊಬ್ಬನನ್ನು ಅಳಿಸಬೇಕಿಲ್ಲ. ಫೇರ್‌ವೆದರ್, ಗಿಲ್ಮೋರ್ ಹೆಸರನ್ನಂತೂ ಈಗ ಯಾರೂ ಎತ್ತುವುದೇ ಇಲ್ಲ.

ಇನ್ನೊಂದು ಹಳೇ ಆರೋಪವಿದೆ. ಅಮೆಂಟ್, ಗೊಸಾರ್ಡ್ ಮೊದಲಿಂದಲೂ ದುಡ್ಡು, ಹೆಸರಿನ ಹಿಂದೆ ಬಿದ್ದವರು, ಗ್ರೀನ್ ರಿವರ್ ಒಡೆದದ್ದೇ ಅದಕ್ಕೆ ಅಂತ. ನಿರ್ವಾಣ ಬ್ಯಾಂಡಿನ ಕರ್ಟ್ ಕೋಬೇನ್ ಕೂಡ ಪರ್ಲ್ ಜ್ಯಾಮ್ ಬಗ್ಗೆ ಕಟುವಾಗಿ ಮಾತಾಡಿದ್ದ. ದೊಡ್ಡ ವೇದಿಕೆ ಬೇಕು ಅನ್ನುವುದು ಅಪರಾಧವಲ್ಲ, ಅದು ಒಂದು. ಎರಡನೆಯದು, 1993ರ 'ವರ್ಸಸ್' ಆಲ್ಬಂ ಮೊದಲ ಐದು ದಿನದಲ್ಲೇ ಒಂಬತ್ತೂವರೆ ಲಕ್ಷದಷ್ಟು ಮಾರಾಟವಾಯಿತು, ಅದೂ ಒಂದೂ ಮ್ಯೂಸಿಕ್ ವಿಡಿಯೊ ಮಾಡದೆ. ಮರುವರ್ಷ ಟಿಕೆಟ್ ಬೆಲೆ 20 ಡಾಲರ್ ದಾಟಬಾರದು ಅಂತ ಪಟ್ಟು ಹಿಡಿದು, ಟಿಕೆಟ್ ಮಾರುವ ಕಂಪನಿ ಟಿಕೆಟ್‌ಮಾಸ್ಟರ್ ವಿರುದ್ಧ ಸರ್ಕಾರಕ್ಕೆ ದೂರು ಕೊಟ್ಟರು. 1994ರ ಜೂನ್ 30ರಂದು ಅಮೆರಿಕದ ಸಂಸತ್ತಿನ ಸಮಿತಿ ಎದುರು ಕೂತು ಸಾಕ್ಷಿ ಹೇಳಿದವರು ಯಾರು ಗೊತ್ತೇ? ವೆಡರ್ ಅಲ್ಲ. ಗೊಸಾರ್ಡ್ ಮತ್ತು ಅಮೆಂಟ್! ದುಡ್ಡಿಗೆ ಬಿದ್ದವರು ಅಂತ ಹೀಗಳೆಸಿಕೊಂಡ ಅದೇ ಇಬ್ಬರು. ಮರುವರ್ಷ ಸರ್ಕಾರ ಆ ತನಿಖೆಯನ್ನು ಕೈಬಿಟ್ಟಿತು, ಅದು ಬೇರೆ ಮಾತು.

ಬ್ಯಾಂಡಿನವರಂತೂ ಮರೆತಿಲ್ಲ. 2000ದ ಅಕ್ಟೋಬರ್ 22ರಂದು, ಮೊದಲ ಕಾರ್ಯಕ್ರಮಕ್ಕೆ ಸರಿಯಾಗಿ ಹತ್ತು ವರ್ಷ ತುಂಬಿದ ದಿನ, ಲಾಸ್ ವೇಗಸ್‌ನಲ್ಲಿ ಪರ್ಲ್ ಜ್ಯಾಮ್ 'ಕ್ರೌನ್ ಆಫ್ ಥಾರ್ನ್ಸ್' ನುಡಿಸಿತು. ವುಡ್‌ನ ಹಾಡನ್ನು ವೆಡರ್ ಹಾಡಿದ. ಆ ಧ್ವನಿಮುದ್ರಣ ಕೇಳಿದರೆ ತಿಳಿಯುತ್ತದೆ, ವುಡ್‌ನ ಜಾಗ ಏನು ಅಂತ ವೆಡರ್‌ಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದವರು ರೀಲ್ ಮಾಡುವವರು.

ಹೊಸದಾಗಿ ಕೇಳುವವರು 'ಟೆನ್'ನಿಂದ ಶುರು ಮಾಡಬೇಡಿ. 'ಶೈನ್' ಹಾಕಿ, ಆಮೇಲೆ 'ಆ್ಯಪಲ್', ಆಮೇಲೆ ಟೆಂಪಲ್ ಆಫ್ ದ ಡಾಗ್. ಈ ಮೂರೂ ಮುಗಿದ ಮೇಲೆ 'ಅಲೈವ್' ಹಚ್ಚಿ, ಜೋರಾಗಿ.