ಬಾಕಿ 40

ಕೆಲಸ ಹೇಗೂ ಲ್ಯಾಪ್‌ಟಾಪಿನಲ್ಲೇ ತಾನೆ, ಅದನ್ನು ಬೆಂಗಳೂರಿನಲ್ಲೇ ಕೂತು ಯಾಕೆ ಮಾಡಬೇಕು ಅಂತ ನಾನೂ ನನ್ನ ಹೆಂಡತಿಯೂ ಹೋದ ನವೆಂಬರಿನಲ್ಲಿ ಎರಡೂವರೆ ತಿಂಗಳಿಗೆ ಉತ್ತರ ಕನ್ನಡಕ್ಕೆ ಹೊರಟೆವು. ಕಾರವಾರದಲ್ಲಿ ಒಂದು ತಿಂಗಳು, ಕುಮಟಾದಲ್ಲಿ ಮೂರು ವಾರ, ಉಳಿದದ್ದು ಶಿರಸಿ. ಅವಳು ಎರಡು ಚೂಡಿದಾರ ಜಾಸ್ತಿ ಇಟ್ಟುಕೊಂಡಳು. ನಾನು ಇನ್ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡೆ.

ಊರೂರು ತಿರುಗಿ ಬಂದವರೆಲ್ಲ "ದುಡ್ಡು ಎಲ್ಲಿ ಹೋಯ್ತೋ ಗೊತ್ತೇ ಆಗ್ಲಿಲ್ಲ" ಅನ್ನುತ್ತಾರೆ. ನನಗೆ ಗೊತ್ತಾಗಬೇಕಿತ್ತು. ಪುಟಕ್ಕೆ ಆರು ಗೀರು ಎಳೆದು ಬಾಡಿಗೆ, ಊಟ, ಬಸ್ಸು, ಚಹಾ, ನಡಿಗೆ, ನಿದ್ದೆ ಅಂತ ಬರೆದೆ. ಕೊನೆಗೆ ಮಿಕ್ಕ ಜಾಗಕ್ಕೆ ಸುಮ್ನೆ ‘ಇತರೆ’ ಅಂದೆ.

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಠಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1880ರ ದಶಕದಲ್ಲಿ ಅಣ್ಣನ ಮನೆಗೆ ಬಂದ ರವೀಂದ್ರರು ಇಲ್ಲಿ ಇದ್ದಾಗಲೇ ಒಂದು ನಾಟಕ ಬರೆದರು. ಅದೇ ಮರಳಿನ ಮೇಲೆ ಕೂತು, ಸೂರ್ಯ ಮುಳುಗುವ ಹೊತ್ತಿನಲ್ಲಿ ನಾನು ಬರೆದದ್ದು: ‘ಬಂಗಡೆ ಊಟ 2, 300. ಚಹಾ 20. ಮತ್ತೆ ಚಹಾ 20.’

ಬಸ್ಸಿನ ಕಾಲಂ ಮಾತ್ರ ಹೊಟ್ಟೆ ಉರಿಸಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಫ್ರೀ. ಹೆಂಡತಿ ಆಧಾರ್ ತೋರಿಸಿ, ಸೊನ್ನೆ ಟಿಕೆಟ್ ತೆಗೆದುಕೊಂಡು ಕಿಟಕಿ ಪಕ್ಕ ಕೂರುತ್ತಿದ್ದಳು. ನಾನು ಪೂರ್ತಿ ದುಡ್ಡು ಕೊಟ್ಟು ನಿಂತಿರುತ್ತಿದ್ದೆ. "ತಲಾ ಲೆಕ್ಕ ಹಾಕಿದರೆ ಖರ್ಚು ಅರ್ಧಕ್ಕೆ ಬರುತ್ತೆ" ಅಂದೆ ಒಂದು ಸಲ.

"ಅದಕ್ಕೆ ನನ್ನ ತಲೆ ಸೇರಿಸಬೇಡಿ" ಅಂದಳು.

ಇನ್ನು ನಡಿಗೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ. ಇದು ವೈದ್ಯಶಾಸ್ತ್ರದ ನಿಯಮವೇನೂ ಅಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಮೀಟರು ಮಾಡಿ ಅದಕ್ಕೆ ‘ಮಾನ್ಪೊಕೇ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು, ಅಂತ ಹೆಸರಿಟ್ಟಿತು. ಆ ಸಂಖ್ಯೆ ಹಬ್ಬಿದ್ದು ಅಲ್ಲಿಂದ. ಇಷ್ಟೆಲ್ಲ ಗೊತ್ತಿದ್ದೂ, ಕುಮಟಾದ ಬಾಡಿಗೆ ಮನೆಯಲ್ಲಿ ರಾತ್ರಿ ಹತ್ತೂಮುಕ್ಕಾಲಿಗೆ ಎದ್ದು ಅಂಗಳದ ತುಳಸಿಕಟ್ಟೆ ಸುತ್ತುತ್ತಿದ್ದೆ, ಆರುನೂರು ಹೆಜ್ಜೆ ಕಮ್ಮಿ ಬಿದ್ದಿತ್ತು ಅಂತ. ಮನೆ ಒಡತಿ ಎರಡು ರಾತ್ರಿ ಕಿಟಕಿಯಿಂದ ನೋಡಿದರು. ಮೂರನೇ ದಿನ ಬೆಳಿಗ್ಗೆ ನನ್ನ ಹೆಂಡತಿಯನ್ನು ಕರೆದು ಮೆಲ್ಲಗೆ ಕೇಳಿದರಂತೆ: "ನಿಮ್ಮ ಯಜಮಾನ್ರು ಎಂತ ಹರಕೆ ಹೊತ್ತಿದ್ದಾರೆ?"

ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದ ದಿನ ಈ ಕಷ್ಟ ಇರಲಿಲ್ಲ. ಬಸ್ಸಿನ ಸೀಟು ಬಿಟ್ಟು ಏಳದೆ ಫೋನಿನಲ್ಲಿ 4,212 ಹೆಜ್ಜೆ ಆಗಿತ್ತು. ರಸ್ತೆ ಹಾಗಿತ್ತು. ಬರೆದುಕೊಂಡೆ. ಯಾಕೆ ಬಿಡಬೇಕು?

ಅಷ್ಟರಲ್ಲಾಗಲೇ ಪುಸ್ತಕಕ್ಕೆ ಸುಳ್ಳು ಹೇಳುವುದು ಶುರುವಾಗಿತ್ತು ಅನ್ನಿ. ಚಹಾ ದಿನಕ್ಕೆ ಮೂರು ಅಂತ ನಾನೇ ನಿಯಮ ಮಾಡಿದ್ದೆ. ನಾಲ್ಕನೆಯದನ್ನು ಹೆಂಡತಿ ಹೆಸರಿಗೆ ಬರೆಯುತ್ತಿದ್ದೆ. ಅವಳು ಚಹಾ ಕುಡಿಯುವುದಿಲ್ಲ. ಐದನೆಯದು ‘ಇತರೆ’ಗೆ ಹೋಗುತ್ತಿತ್ತು. ಚಪ್ಪಲಿ ಹೊಲಿಸಿದ್ದು, ಕೊಡೆ, ಬಾಳೆಕಾಯಿ ಚಿಪ್ಸು ಎಲ್ಲ ಅಲ್ಲಿಗೇ. ಒಂದು ದಿನ ಕೂಡಿಸಿ ನೋಡಿದರೆ ‘ಇತರೆ’ ಊಟಕ್ಕಿಂತ ದೊಡ್ಡದಾಗಿತ್ತು. ‘ಏನೋ, 60’ ಅಂತ ಮೂರು ಕಡೆ ಇತ್ತು. ನನ್ನದೇ ಕೈಬರಹ.

ಶಿರಸಿಯಲ್ಲಿ ಉಳಿದದ್ದು ಸ್ನೇಹಿತನ ತೋಟದ ಮನೆಯಲ್ಲಿ. ಅವನ ಅಮ್ಮನನ್ನು ನಾವೂ ಆಯಿ ಅಂತಲೇ ಕರೆಯುತ್ತೇವೆ. ಮೊದಲ ಮಧ್ಯಾಹ್ನವೇ ತಂಬುಳಿ, ಅಪ್ಪೆಹುಳಿ, ಕೊನೆಗೆ ತುಪ್ಪ ಸವರಿದ ತೊಡೆದೇವು. ಕಾಗದದಷ್ಟು ತೆಳ್ಳಗೆ, ಬಾಯಲ್ಲಿಟ್ಟರೆ ಬೆಲ್ಲದ ಗಂಧ ಬಿಟ್ಟು ಏನೂ ಉಳಿಯುವುದಿಲ್ಲ. ನಾಲ್ಕು ತಿಂದೆ. ನಿದ್ದೆಗೆ ಮುಂಚೆ ನಿಷ್ಠೆಯಿಂದ ‘ಆಯಿ ಮನೆ ಊಟ, 0’ ಅಂತ ಬರೆದು ಪುಸ್ತಕ ಜಗುಲಿಯಲ್ಲೇ ಬಿಟ್ಟೆ.

ಎದ್ದು ಬಂದರೆ ಆಯಿ ಕನ್ನಡಕ ಹಾಕಿಕೊಂಡು, ಪಕ್ಕದಲ್ಲಿ ಎಲೆಯಡಿಕೆ ಕವಳದ ಬಟ್ಟಲು ಇಟ್ಟುಕೊಂಡು ಅದನ್ನೇ ಓದುತ್ತಾ ಕೂತಿದ್ದಾರೆ. ಅವರು ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವರು.

"ಅಲ್ಲೋ ತಮ್ಮಾ, ನನ್ನ ಅಡುಗೆಗೆ ಸೊನ್ನೆ ಕೊಟ್ಟಿದ್ಯಲ್ಲೋ? ಅಪ್ಪೆಹುಳಿಗೆ ಉಪ್ಪು ಜಾಸ್ತಿ ಆಗಿತ್ತಾ?"

ಅದು ಮಾರ್ಕಲ್ಲ, ದುಡ್ಡು ಅಂತ ವಿವರಿಸಲು ಹೋದೆ. ಊಟಕ್ಕೆ ದುಡ್ಡಿನ ಲೆಕ್ಕ ಹಾಕಿದ್ದು ಗೊತ್ತಾಗಿ ಅದು ಇನ್ನೂ ಕೆಟ್ಟದಾಯಿತು. ಪುಣ್ಯಕ್ಕೆ ಅವರ ಕಣ್ಣು ಇನ್ನೊಂದು ಪುಟಕ್ಕೆ ಹೋಯಿತು. ಅಲ್ಲಿ ಕೆಂಪು ಪೆನ್ನಿನಲ್ಲಿ ‘ಯಾಣ, ಬಾಕಿ 40’ ಅಂತಿತ್ತು.

"ಇದೆಂತ ಸಾಲ?"

ಹೇಳಿದೆ. ಕುಮಟಾದಲ್ಲಿದ್ದಾಗ ಯಾಣಕ್ಕೆ ಹೋಗಿದ್ದೆವು. 120 ಮೀಟರಿನ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ, ಎರಡನ್ನೂ ಕತ್ತೆತ್ತಿ ನೋಡಿ ಇಳಿದು ಬರುವಾಗ ಗಂಟಲು ಒಣಗಿತ್ತು. ಒಂದು ಗೂಡಂಗಡಿಯಲ್ಲಿ ಮುರುಗಲು ಹಣ್ಣಿನ ಶರಬತ್ತು ಕೇಳಿದೆ. ಚೆನ್ನಾಗಿತ್ತು. "ಇನ್ನೊಂಚೂರು ಹಾಕಿ" ಅಂದೆ, ಹಾಕಿದರು. ದುಡ್ಡು ಕೊಡಲು ಫೋನು ತೆಗೆದರೆ ನೆಟ್‌ವರ್ಕ್ ಇಲ್ಲ. ಚಕ್ರ ತಿರುಗುತ್ತಲೇ ಇತ್ತು. ಜೇಬಿನಲ್ಲಿ ಒಂದು ನೋಟೂ ಇಲ್ಲ. ಅಂಗಡಿಯಾಕೆ "ಅಡ್ಡಿಲ್ಲ, ಮತ್ತೊಂದ್ಸಲ ಬಂದಾಗ ಕೊಡಿ" ಅಂದುಬಿಟ್ಟರು. ಆಕೆಗೆ ಅಡ್ಡಿ ಇರಲಿಲ್ಲ. ನನ್ನ ಪುಸ್ತಕಕ್ಕಿತ್ತು. ಅವತ್ತಿನಿಂದ ಲೆಕ್ಕ ಮುಗಿಸಿ ಗೀರು ಎಳೆಯಲಾಗಿರಲಿಲ್ಲ.

ಆಯಿ ನಕ್ಕರು. "ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತಾನೆ ಅಂತ ಗಾದೆ ಉಂಟು. ನೀನು ರೊಕ್ಕ ಇಲ್ಲದೇ ಯಾಣಕ್ಕೆ ಹೋದವ!" ಒಳಗೆ ಹೋಗಿ, ದೇವರ ಕೋಣೆಯ ಡಬ್ಬಿಯಿಂದ ಇಪ್ಪತ್ತರ ಎರಡು ನೋಟು ತಂದು ಕೈಗಿಟ್ಟರು. "ಕೊಟ್ಟು ಬಾ. ನನಗೆ ಆಮೇಲೆ ಕೊಡು."

ಹೀಗೆ ಸಾಲ ಮಾಡಿ ಸಾಲ ತೀರಿಸಲು, ಮಾರನೇ ದಿನ ಸ್ನೇಹಿತನ ಸ್ಕೂಟರಿಗೆ ಇನ್ನೂರು ರೂಪಾಯಿ ಪೆಟ್ರೋಲ್ ಹಾಕಿಸಿ ಒಬ್ಬನೇ ಹೊರಟೆ. ಪೆಟ್ರೋಲು ‘ಇತರೆ’.

ಅಂಗಡಿ ತೆಗೆದಿತ್ತು. ಗೆದ್ದವನ ಹಾಗೆ ಹೋಗಿ ಎರಡೂ ನೋಟು ಮುಂದಿಟ್ಟು, "ಡಿಸೆಂಬರಿನಲ್ಲಿ ಬಂದಿದ್ದೆ, ನಲವತ್ತು ಕೊಡೋದಿತ್ತು" ಅಂದೆ. ಆಕೆ ನನ್ನ ಮುಖ ನೋಡಿದರು. ಹಿಂದೆ ಮೊಳೆಗೆ ನೇತುಹಾಕಿದ್ದ ಹಳೇ ಕ್ಯಾಲೆಂಡರು ತೆಗೆದು ಡಿಸೆಂಬರ್ ಹಾಳೆ ತಿರುಗಿಸಿದರು. ಹಿಂಬದಿಯ ತುಂಬ ಪೆನ್ಸಿಲ್ ಬರಹ. ‘ಜೀಪಿನವ 30.’ ‘ಹಸಿರು ಟೊಪ್ಪಿ 120.’ ಅದರ ಕೆಳಗೆ ‘ಕನ್ನಡಕ, 2 ಗ್ಲಾಸು, 80.’

"ಒಂದೇ ಅಲ್ವಾ ಕುಡಿದಿದ್ದು?" ಅಂದೆ.

"ಇನ್ನೊಂಚೂರು ಹಾಕಿ ಅಂದ್ರಲ್ಲ. ಗ್ಲಾಸು ತುಂಬಾನೇ ಹಾಕಿದ್ದೆ."

ಫೋನು ತೆಗೆದೆ. ಚಕ್ರ ತಿರುಗಿತು. ಆಕೆ ಎರಡು ನೋಟು ಮಡಚಿ ಡಬ್ಬಿಗೆ ಹಾಕಿ, ‘80’ಕ್ಕೆ ಗೀರು ಎಳೆದು ಪಕ್ಕದಲ್ಲಿ ‘40’ ಅಂತ ಬರೆದರು. ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡರು.

"ಅಡ್ಡಿಲ್ಲ. ಬಿಸಿಲಲ್ಲಿ ಬಂದಿದ್ದೀರಿ, ಕುಡೀಲಿಕ್ಕೆ ಎಂತ ಕೊಡ್ಲಿ?"